ಬಾಯಿಗೆ ಹಿಡಿದ ಸೆರಗು

ಹಲ್ಲಿನ ಪಾಚಿ ನನ್ನ ಬಾಳಿಗೇ ಮುಳುವಾಯಿತು ಎಂದರೆ ನೀವು ನಗುತ್ತೀರಿ. ನಗಿ, ನಿಮಗೇನು, ನಿಮ್ಮ ಹಲ್ಲು ಚೆನ್ನಾಗಿದೆ!

ಎಪ್ಪತ್ತೆಂಟನೇ ಇಸವಿ. ಸಾರಕ್ಕಿಯ ನಮ್ಮ ಬೀದಿಗೆ ಸೀಮೆಎಣ್ಣೆ ಗಾಡಿ ತಳ್ಳಿಕೊಂಡು ಬರುತ್ತಿದ್ದವನು ಬೈಲಪ್ಪ. ಅಳತೆ ಮುಗಿದ ಮೇಲೆ ನನ್ನ ಡಬ್ಬಿಗೆ ಮಾತ್ರ ಒಂದಿಷ್ಟು ಕೊಸರು ಸುರಿದು ನಗುತ್ತಿದ್ದ. ನಾನೂ ನಗಬೇಕೆಂದು ಜೀವ ಹಾತೊರೆಯುತ್ತಿತ್ತು. ಆದರೆ ಮುಂದಿನ ನಾಲ್ಕೂ ಹಲ್ಲಿನ ಬುಡದಲ್ಲಿ ಹಳದಿ ಪಾಚಿ ಕಟ್ಟಿತ್ತು. ಥೂ! ಅವನು ಬಂದ ತಕ್ಷಣ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದೆ.

ಒಂದು ದಿನ ಪಿನ್ನಿನಿಂದ ಕೆರೆದುಕೊಂಡು ವಸಡೆಲ್ಲ ರಕ್ತ ಮಾಡಿಕೊಂಡೆ. ಸೋದರತ್ತೆ ಗೋವಿಂದಮ್ಮ ಕೈಗೇ ಒಂದು ಕೊಟ್ಟಳು.

"ಏನೇ ಸಪ್ಪಲಮ್ಮ, ಹಲ್ಲೇನು ತಳ ಹಿಡಿದ ಪಾತ್ರೆನಾ ಕೆರೆಯಕ್ಕೆ? ಬೇವಿನ ಕಡ್ಡಿ ತುದಿ ಜಗಿದು ಮೆತ್ತಗೆ ಮಾಡ್ಕೊ. ಬೆಳಿಗ್ಗೆ ಒಂದ್ಸಲ, ಉಂಡ್ಮೇಲೆ ಒಂದ್ಸಲ ಉಜ್ಜು. ಆತುರಗಾರನಿಗೆ ಬುದ್ಧಿ ಮಟ್ಟ."

ಎರಡು ತಿಂಗಳು ಉಜ್ಜಿದೆ. ಬೈಲಪ್ಪ ಬಂದಾಗಲೆಲ್ಲ, ಇನ್ನೊಂದು ವಾರ ತಡ್ಕೊಳೋ ಮಾರಾಯ ಎಂದು ಮನಸ್ಸಿನಲ್ಲೇ ಬೇಡುತ್ತ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅವನು ಅದೇಕೋ ಡಬ್ಬಿಯನ್ನು ಕೈ ಚಾಚಿ ದೂರದಿಂದಲೇ ಕೊಡತೊಡಗಿದ. ಮೈಗೆ ಗಂಧದ ಸೋಪಿನ ಘಮ ಬೇರೆ. ಶೋಕಿ ಎಂದುಕೊಂಡೆ.

ಕೊನೆಗೊಂದು ಬೆಳಿಗ್ಗೆ ಕನ್ನಡಿಯಲ್ಲಿ ಹಲ್ಲು ಬೆಳ್ಳಗೆ ಕಂಡವು. ಹೊರಗೆ ಎರಡು ವಾರದ ಮೇಲೆ ಗಾಡಿಯ ಗಂಟೆ ಕೇಳಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಿ ತುಂಬ ನಗುತ್ತ ಓಡಿದೆ. ಗಾಡಿ ಹಿಡಿದು ನಿಂತಿದ್ದವನು ಡಿಪೋದ ಮುದುಕ ಮುನಿಯಣ್ಣ.

"ಬೈಲಪ್ಪ ಎಲ್ಲಣ್ಣ?"

"ಬೊಮ್ಮನಹಳ್ಳೀಲಿ ಫ್ಯಾಕ್ಟ್ರಿ ಸೇರ್ಕೊಂಡ ಕಣಮ್ಮ. ಹೋದ್ ವಾರ ಮದ್ವೆನೂ ಆಯ್ತು, ಮಾವನ ಮಗಳ ಜೊತೆ. ಈ ಬೀದೀಲಿ ಯಾವ್ದೋ ಹುಡ್ಗಿ ಮೇಲೆ ಮನ್ಸಿತ್ತಂತೆ. ಅವ್ಳು ಇವ್ನ್ ಕಂಡ್ರೆ ಸೆರಗಲ್ಲಿ ಮೂಗು ಮುಚ್ಕೊತಿದ್ಲಂತೆ. ಎಷ್ಟ್ ಸೋಪು ಹಾಕಿದ್ರೂ ಸೀಮೆಎಣ್ಣೆ ವಾಸನೆ ಹೋಗ್ಲಿಲ್ಲ ಅಂತ ಅತ್ತೇಬಿಟ್ಟ, ಪಾಪ."

"ಮೂಗಲ್ಲಣ್ಣ," ಎಂದೆ. "ಬಾಯಿ."

ಅವನಿಗೆ ಅರ್ಥವಾಗಲಿಲ್ಲ. ಅಳತೆಗೆ ಸರಿಯಾಗಿ ಸುರಿದ. ಕೊಸರಿಲ್ಲ.

ಒಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಅದೇ ವಾಸನೆ. ಬೀದಿಯ ತುದಿಯಲ್ಲಿ ಇದು ಬಂದರೆ ಸಾಕು, ನನ್ನ ಎದೆ ಡವಡವ ಅನ್ನುತ್ತಿತ್ತಲ್ಲೋ, ಪೆದ್ದ!