ಅಕ್ಕನ ಮೊಳ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮದುವೆಯ ಗೋಜಿಗೇ ಹೋಗದ ಪುಟ್ಟಿ, ಕಂಡವರ ಮನೆ ಕಟ್ಟಿಸಿಯೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವಳು. ನಲವತ್ತೆರಡು ವರ್ಷದ ಎಂಜಿನಿಯರನ್ನು ಪುಟ್ಟಿ ಅಂತ ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ಆ ಅಕ್ಕ ಸತ್ತು ಹನ್ನೊಂದು ವಾರವಾಗಿತ್ತು. ಪುಟ್ಟಿ ಅತ್ತಿರಲಿಲ್ಲ. ಎಲ್ಲ ಮುಗಿಸಿ ಬಂದ ಮರುದಿನವೇ ಸೈಟಿಗೆ ಹೋಗಿ, ಗಾರೆಗೆ ನೀರು ಹಾಕಿದ್ದೀರಾ ಅಂತ ಕೇಳಿದ್ದಳು. ಜನ ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ.

ಸೈಟೂ ಅಕ್ಕನದೇ. ದರ್ಜಿ ಕೆಲಸದ ಅಕ್ಕ ಇಸ್ತ್ರಿಪೆಟ್ಟಿಗೆಯ ಮುಂದೆ ಇಪ್ಪತ್ತು ಬೇಸಿಗೆ ಬೆಂದವಳು. "ಫ್ಯಾನಿಲ್ಲದೆ ತಣ್ಣಗಿರಬೇಕು, ಕರೆಂಟ್ ಬಿಲ್ಲು ಸೊನ್ನೆ ಬರಬೇಕು. ಆಗಲ್ಲ ಅಂದ್ರೆ ಈಗಲೇ ಹೇಳು ಪುಟ್ಟಿ, ಬೇರೆ ಎಂಜಿನಿಯರ್ ನೋಡ್ಕೋತೀನಿ" ಅಂದಿದ್ದಳು. ಹಳೆಯ ಮನೆಗಳ ಜಾಣತನವನ್ನೆಲ್ಲ ಪುಟ್ಟಿ ನಕ್ಷೆಗಿಳಿಸಿದಳು: ದಪ್ಪ ಮಣ್ಣಿನ ಗೋಡೆ, ಉದ್ದಕ್ಕೆ ಚಾಚಿದ ಸೂರು, ಬಿಸಿಗಾಳಿ ಹೊರಗೆ ಹೋಗಲು ಮೇಲೆ ಕಿಂಡಿ. ಬಿಸಿಲು ಬೀಳುವ ಕಡೆಯ ಮಾಡಿಗೆ ಆರು ಸೋಲಾರ್ ಪ್ಯಾನೆಲ್.

ಕಟ್ಟಲು ಬಂದ ಮೇಸ್ತ್ರಿ ಅಜ್ಜ ಟೇಪನ್ನು ಮುಟ್ಟುವ ಪೈಕಿ ಅಲ್ಲ. "ಹಳೇ ನಮೂನೆ ಮನೆ ಅಂದ್ಮೇಲೆ ಅಳತೆನೂ ಹಳೇದೇ. ಮನೆ ಆಳೋರ ಕೈಯಳತೆ" ಅಂತ ಅಕ್ಕನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಕೋಲು ಕೊಯ್ದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಊರಿಗೆಲ್ಲ ಅಳತೆ ತೆಗೆದೆ ಅಜ್ಜ, ನನ್ನ ಅಳತೆ ತೆಗೆದೋರು ನೀವೊಬ್ರೇ. ತೋಳು ಸ್ವಲ್ಪ ಸಡಿಲ ಬಿಡಿ!" ಪುಟ್ಟಿ ಆಗ ಪಕ್ಕದಲ್ಲೇ ನಿಂತು ಫೋನಿನಲ್ಲಿ ಯಾರದೋ ಸಿಮೆಂಟಿನ ವಿಚಾರ ಮಾತಾಡುತ್ತಿದ್ದಳು.

ಈಗ ಪ್ಯಾನೆಲ್ ಕೂರಿಸುವವನು ಮಾಡಿನ ಮೇಲಿಂದ ಕೂಗಿದ. "ಮೇಡಂ, ಆರನೇದು ಕೂರಲ್ಲ! ಮಾಡೇ ಗಿಡ್ಡ ಆಗಿದೆ!"

"ಗಿಡ್ಡ ಹೇಗಾಗುತ್ತೆ? ಹನ್ನೆರಡು ಮೊಳ ಅಂದ್ರೆ ಹನ್ನೆರಡು ಮೊಳ" ಅಂತ ಅಜ್ಜ ಕೋಲು ತಂದು ಅವಳ ಕೈಗೆ ಕೊಟ್ಟ.

ಪುಟ್ಟಿ ಕೋಲಿಗೆ ಟೇಪು ಹಿಡಿದಳು. ನಲವತ್ತಮೂರು ಸೆಂಟಿಮೀಟರ್. ನಕ್ಷೆಯಲ್ಲಿ ಮೊಳಕ್ಕೆ ನಲವತ್ತಾರು ಅಂತ ಪುಸ್ತಕ ನೋಡಿ ಬರೆದವಳು ಅವಳೇ. ಬಡಗಿಯೂ ಅದೇ ಕೋಲು ಹಿಡಿದದ್ದರಿಂದ ಬಾಗಿಲು ಕಿಟಕಿಗಳೆಲ್ಲ ಒಂದಕ್ಕೊಂದು ಸರಿಯಾಗಿ ಕೂತಿದ್ದವು. ಹನ್ನೊಂದು ವಾರ ದಿನಾ ಬಂದು ನೋಡಿದ್ದಳು, ಏನೂ ಕಂಡಿರಲಿಲ್ಲ. ಕೋಲಿನ ಮೇಲೆ ತನ್ನ ಕೈಯಿಟ್ಟಳು. ಅವಳ ಬೆರಳು ಕೋಲಿನ ತುದಿ ದಾಟಿ ಹೋಯಿತು. ಅಕ್ಕನ ಕೈ ತನ್ನದಕ್ಕಿಂತ ಚಿಕ್ಕದು ಅಂತ ಇಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ.

"ಒಂದು ಪಕ್ಕದ ಗೋಡೆ ಒಡೆದು ಮಾಡು ಉದ್ದ ಮಾಡಿಸಿ, ಇಲ್ಲಾ ಐದಕ್ಕೇ ನಿಲ್ಲಿಸಿ" ಅಂದ ಪ್ಯಾನೆಲಿನವನು. "ಬೇಗ ಹೇಳಿ ಮೇಡಂ, ಗಾಡಿ ಕಾಯ್ತಿದೆ."

ಭಾವನಿಗೆ ಫೋನ್ ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡು" ಅಂದ. ಎರಡೂವರೆ ತಿಂಗಳಿಂದ, ಊಟ ಆಯ್ತಾ ಅಂತ ಕೇಳಿದರೂ ಅವನು ಅದೇ ಧ್ವನಿಯಲ್ಲಿ ಉತ್ತರ ಕೊಡುತ್ತಿದ್ದ.

"ಒಡೀರಿ ಅಂದ್ರೆ ಒಡೀತೀನಿ" ಅಂದ ಅಜ್ಜ. "ಆದ್ರೆ ಮನೆ ತಪ್ಪಿಲ್ಲ ತಾಯಿ. ಕಾಗದ ತಪ್ಪು."

ಅತ್ತ ದರಿ, ಇತ್ತ ಪುಲಿ. ಗೋಡೆ ಒಡೆದರೆ ಅಕ್ಕನ ಅಳತೆ ಹೋಗುತ್ತದೆ. ಪ್ಯಾನೆಲ್ ಬಿಟ್ಟರೆ ಅಕ್ಕ ಕೇಳಿದ ಸೊನ್ನೆ ಹೋಗುತ್ತದೆ. ಅವಳು ಹಜಾರದ ತಂಪಿನಲ್ಲಿ, ಬರಿ ನೆಲದ ಮೇಲೆ ಕೂತು ವಿದ್ಯುತ್ತಿನ ಪಟ್ಟಿ ತೆಗೆದಳು. ದೀಪ, ಫ್ರಿಜ್ಜು, ನೀರಿನ ಪಂಪು. ಅದರ ಕೆಳಗೆ ಹೊಲಿಗೆ ಮಷೀನಿನ ಮೋಟಾರು. ಅದರ ಕೆಳಗೆ ಇಸ್ತ್ರಿಪೆಟ್ಟಿಗೆ, ದಿನಕ್ಕೆ ಮೂರು ಗಂಟೆ. ಈ ಹನ್ನೊಂದು ವಾರದಲ್ಲಿ ಇದೇ ಪಟ್ಟಿಯಲ್ಲಿ ಫ್ರಿಜ್ಜಿನ ಅಂಕಿಯನ್ನು ಎರಡು ಸಲ ತಿದ್ದಿದ್ದಳು. ಈ ಎರಡು ಸಾಲುಗಳ ಮೇಲೆ ಕಣ್ಣು ಜಾರಿಸಿಕೊಂಡು ಹೋಗಿದ್ದಳು.

ಪೆನ್ನು ತೆಗೆದು ಮಷೀನಿನ ಮೇಲೆ ಗೀಟು ಹಾಕಿದಳು. ಆಮೇಲೆ ಇಸ್ತ್ರಿಪೆಟ್ಟಿಗೆಯ ಮೇಲೆ. ಮತ್ತೆ ಕೂಡಿದಳು. ಐದು ಪ್ಯಾನೆಲ್ ಧಾರಾಳವಾಗಿ ಸಾಕು, ಇನ್ನೂ ಮಿಗುತ್ತದೆ. ಅಕ್ಕ ಕೇಳಿದ ಸೊನ್ನೆ, ಅಕ್ಕನನ್ನು ಕಳೆದ ಮೇಲೆ ಸರಿಯಾಗಿ ಬಂತು. ಲೆಕ್ಕ ತಪ್ಪಿರಬಹುದು ಅಂತ ಇನ್ನೊಂದು ಸಲ ಕೂಡಿದಳು. ತಪ್ಪಿರಲಿಲ್ಲ.

ಹೊರಗೆ ಬಂದು, "ಗೋಡೆ ಮುಟ್ಟಬೇಡಿ. ಐದೇ ಹಾಕಿ" ಅಂದಳು.

"ಸಾಕಾಗುತ್ತಾ ಮೇಡಂ? ಆಮೇಲೆ ನನ್ನ ಬೈಬೇಡಿ."

"ಸಾಕಾಗುತ್ತೆ" ಅಂದಳು ಪುಟ್ಟಿ. "ಮನೇಲಿ ಇರೋದು ಒಬ್ಬರೇ."

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಜ್ಜ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಏನೂ ಗೊತ್ತಿಲ್ಲದ ಪ್ಯಾನೆಲಿನವನು ಸರಿ ಅಂದು, ಆರನೆಯದನ್ನು ಹೊತ್ತುಕೊಂಡು ಹೋಗಿ ಗಾಡಿಗೆ ಹಾಕಿದ. ಪುಟ್ಟಿ ಕೋಲನ್ನು ಎದೆಗೆ ಒತ್ತಿ ಹಿಡಿದು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು.