ಬುಗುರಿಯ ಎಂಟು ನಿಮಿಷ

ಹೊಸ ರಬ್ಬರಿನ ವಾಸನೆ, ಎಲ್ಲಿಂದ ಬಂತು ಇದು, ಬೆಳಿಗ್ಗೆ ನೆಲ ಒರೆಸಿದ್ದರದ್ದಲ್ಲ, ಕುರ್ಚಿಗಳದ್ದಂತೂ ಅಲ್ಲವೇ ಅಲ್ಲ, ಹನ್ನೊಂದು ವರ್ಷದಿಂದ ಇದೇ ಕುರ್ಚಿಗಳು, ಇದೇ ಕೋಣೆ, ಎದುರುಬದುರು ಅನ್ನುವುದೇ ಇರಬಾರದೆಂದು ಹಟ ಹಿಡಿದು ಆಕೆ ತರಿಸಿದ ಇದೇ ದುಂಡು ಮೇಜು — ಬೇರೆಯಾದ ಗಂಡಹೆಂಡಿರು ದುಂಡು ಮೇಜಿನಲ್ಲೂ ಎದುರುಬದುರು ಜಾಗ ಹುಡುಕಿಕೊಂಡೇ ಕೂರುತ್ತಾರೆ, ರಾಜಿ ಮಾಡಿಸಲು ಕೂತ ಆಕೆ ನಡುವೆ — ವಾಸನೆ ಬರುತ್ತಿರುವುದು ತಂದೆಯ ಕಡೆಯಿಂದ, ಅವನ ಮೊಣಕೈ ಹತ್ತಿರ ಬಾಯಿ ತೆರೆದ ರಟ್ಟಿನ ಪೆಟ್ಟಿಗೆಯಿಂದ. ಬರೋ ದಾರೀಲೇ ಹೊಸ ಶೂ ತಗೊಂಡ್ಬಿಟ್ಟೆ ಮೇಡಂ, ಬುಗುರಿ ಹಾಕ್ಕೊಂಡೂ ಆಯ್ತು, ಲೇಸ್ ಗೀಸ್ ಏನೂ ಇಲ್ಲ, ಪಟ್ಟಿ ಎಳೆದು ಒತ್ತಿದ್ರೆ ಮುಗೀತು. ಬುಗುರಿ ಅಂದರೆ ಮಗಳು, ಒಂಬತ್ತು ವರ್ಷ, ನಡೆಯಲು ಕಲಿತ ದಿನದಿಂದ ಒಂದು ಕಡೆ ನಿಂತವಳಲ್ಲವೆಂದು ಮನೆಯವರು ಇಟ್ಟ ಅಡ್ಡಹೆಸರು, ಈಗ ಪಕ್ಕದ ಕೋಣೆಯಲ್ಲಿ ಬಣ್ಣದ ಪೆನ್ಸಿಲುಗಳ ಮುಂದೆ ಕೂತಿದ್ದಾಳೆ. ತಾಯಿ ತಲೆಯಾಡಿಸುತ್ತಾಳೆ, ಒಳ್ಳೇ ಕೆಲಸ ಮಾಡಿದ್ರಿ, ನನಗೇ ಹೊಳೀಬೇಕಿತ್ತು. ಏಳು ತಿಂಗಳಲ್ಲಿ ಇಬ್ಬರೂ ಒಂದು ಮಾತಿಗೆ ಹೂಂ ಅಂದದ್ದು ಇದೇ ಮೊದಲು, ಆಕೆ ಹಿಗ್ಗಬೇಕು, ಬೇರೆ ದಿನವಾಗಿದ್ದರೆ ಎದ್ದು ಹೋಗಿ ಮೂವರಿಗೂ ಚಹಾ ತರುತ್ತಿದ್ದಳು, ಈಗ ಆ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದಾಳೆ, ಏಕೆಂದರೆ ಈ ಶೂ ಈ ಮನುಷ್ಯ ತಂದದ್ದಲ್ಲ, ತರಿಸಿದ್ದು ತಾನು. ಹೋದ ಸೋಮವಾರ ಇಬ್ಬರೂ ಇದೇ ದೂರು ಹೇಳಿದ್ದರು, ಭಾನುವಾರ ಸಂಜೆ ತಂದೆಯ ಮನೆಯಿಂದ ಮಗುವನ್ನು ಕರೆದುಕೊಂಡು ಹೋಗಲು ತಾಯಿ ಬರುತ್ತಾಳೆ, ಮಗು ಹೊಸ್ತಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತದೆ, ಹಾಕಿಕೊಳ್ಳುತ್ತಲೇ ಇರುತ್ತದೆ. ತಾಯಿ ಅಂದಳು, ಕೊರಿಯರ್ ಕೊಡೋಕೆ ಬಂದವಳ ಥರ ನಿಂತಿರ್ತೀನಿ ಮೇಡಂ, ಸಹಿ ಹಾಕೋರೂ ಇಲ್ಲ ಅಲ್ಲಿ. ತಂದೆ ಅಂದ, ಒಳಗೆ ಬನ್ನಿ ಅಂದ್ರೂ ತಪ್ಪು, ಅನ್ನದಿದ್ರೂ ತಪ್ಪು, ನಾನೇನು ಬಾಗಿಲಿಗೆ ಬ್ಯಾಗ್ ಹಿಡ್ಕೊಂಡು ಗೂಟ ಆಗ್ಲಾ. ಆಗ ಆಕೆಯ ಬಾಯಿಂದ ಬಂತು, ಅಭ್ಯಾಸಬಲ, ನೂರಾರು ದಂಪತಿಗಳಿಗೆ ಹೇಳಿದ ಮಾತು — ಇದಕ್ಕೊಂದು ಉಪಾಯ ಇಬ್ಬರೂ ಯೋಚಿಸ್ಕೊಂಡು ಬನ್ನಿ. ಸೋಮವಾರ ಹೇಳಿದ್ದು. ಮಗುವಿನ ಜೊತೆ ಕೂತದ್ದು ಬುಧವಾರ. ಮೊದಲು ಮಗುವಿನ ಮಾತು, ಆಮೇಲೆ ಹೆತ್ತವರಿಗೆ ಮನೆಪಾಠ, ಹಾಗಾಗಬೇಕಿತ್ತು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆಕೆಯೇ ಹೇಳಿಕೊಡುವ ಪಾಠ ಅದು.

ಬುಧವಾರ ಕಾಗದವನ್ನು ನಡುವೆ ಮಡಿಚಿ ಮಗುವಿನ ಕೈಗೆ ಕೊಟ್ಟಿದ್ದಳು, ಎಡಗಡೆ ಅಪ್ಪ ಅಮ್ಮನಿಗೆ ಹೇಳಬಹುದಾದದ್ದು, ಬಲಗಡೆ ಹೇಳಬಾರದ್ದು, ನೀನೇ ಬರಿ, ಬಲಗಡೆಯದ್ದು ನನ್ನ ಹತ್ತಿರವೇ ಇರುತ್ತೆ, ಮಾತು ಅಂದ್ರೆ ಮಾತು. ಎಡಗಡೆ ಸಲೀಸಾಗಿ ತುಂಬಿತು, ಬ್ಯಾಗ್ ಭಾರ, ಎರಡೂ ಮನೇಲಿ ಒಂದೊಂದು ಹಲ್ಲುಜ್ಜೋ ಬ್ರಶ್ ಬೇಕು, ಆ ಮನೇಲಿ ಏನೇನಾಯ್ತು ಅಂತ ಕೇಳಬಾರದು. ಬಲಗಡೆ ಒಂದಕ್ಷರವೂ ಇಲ್ಲ, ಬರೆಯೋದು ಬೇಡ ತೋರಿಸ್ತೀನಿ, ಅಂದು ಮಗು ಹಳೇ ಶೂ ದಾರ ಬಿಚ್ಚಿತು — ಲೇಸ್ ಕಟ್ಟೋಕೆ ಬರುತ್ತೆ ಆಂಟಿ ನಂಗೆ, ನೋಡಿ — ಎರಡು ಕುಣಿಕೆ, ಒಂದರೊಳಗೊಂದು, ಸರ್ರನೆ ಎಳೆದದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮತ್ತೆ ಅಪ್ಪನ ಮನೇಲಿ? ಅಲ್ಲಿ ಹೀಗೆ ಮಾಡ್ತೀನಿ. ಎರಡು ಕುಣಿಕೆಗಳನ್ನು ಮಾಡಿ, ಸಣ್ಣ ಬೆರಳುಗಳ ನಡುವೆ ಎತ್ತಿ ಹಿಡಿದು, ಎಳೆಯದೆ ಕೂತಿತು. ಎಳೆಯೋ ತನಕ ಇಬ್ಬರೂ ಅಲ್ಲೇ ಇರ್ತಾರಲ್ಲ. ಗಡಿಯಾರ ನೋಡಿದೀನಿ, ಎಂಟು ನಿಮಿಷ, ಒಂದ್ಸಲ ಗಂಟು ಬಿದ್ದು ಹನ್ನೊಂದಾಗಿತ್ತು, ಅಪ್ಪ ಟಾರ್ಚ್ ಹಿಡಿದ್ರು, ಅಮ್ಮ ಉಗುರಲ್ಲಿ ಬಿಡಿಸಿದ್ರು, ಇಬ್ಬರ ತಲೆಯೂ ಡಿಕ್ಕಿ ಹೊಡೀತು, ಆಮೇಲೆ ಅಮ್ಮ ನಕ್ಕಿದ್ರು, ಸ್ವಲ್ಪ. ಗುರುವಾರವೇ ಆಕೆ ಇಬ್ಬರಿಗೂ ಫೋನ್ ಮಾಡಿ ಮನೆಪಾಠ ವಾಪಸ್ ತಗೊಂಡೆ ಅನ್ನಬಹುದಿತ್ತು, ಏಕೆಂದು ಕೇಳಿದರೆ ಏನು ಹೇಳುವುದು ಅಂತ ಬಿಟ್ಟಳು, ಶುಕ್ರವಾರವೂ ಬಿಟ್ಟಳು. ಈಗ ತಂದೆ ಇನ್ನೂ ಮುಂದೆ ಹೋಗಿದ್ದಾನೆ, ಬಾಗಿಲ ತನಕ ಬರೋದೂ ಬೇಡ ಮೇಡಂ, ನಾನೇ ಕೆಳಗಡೆ ಗೇಟಿನ ಹತ್ರ ಬಿಡ್ತೀನಿ, ಅವರು ಕಾರಿಂದ ಇಳಿಯೋದೇ ಬೇಡ, ಹಾಗಂತ ಬರೆದ್ಬಿಡಿ, ಸಹಿ ಹಾಕ್ತೀವಿ. ತಾಯಿ ಅನ್ನುತ್ತಾಳೆ, ನನಗೂ ಅದೇ ಅನುಕೂಲ. ಬರೆದುಬಿಟ್ಟರೆ ಎಂಟು ನಿಮಿಷ ಹೋಯಿತು, ವಾರಕ್ಕೊಮ್ಮೆ ಬರುತ್ತಿದ್ದ ಎಂಟು ನಿಮಿಷ, ಅದೊಂದೇ ಇದ್ದದ್ದು. ಐದು ನಿಮಿಷ ಕೊಡಿ, ಬಂದೆ, ಅಂದು ಪಕ್ಕದ ಕೋಣೆಗೆ ಹೋದಳು, ಮಗು ಕಾಗದ ಮುಟ್ಟಿಲ್ಲ, ಬಗ್ಗಿ ಶೂ ಪಟ್ಟಿ ಎಳೆಯುತ್ತಿದೆ, ಪರ್ರ್, ಒತ್ತುತ್ತಿದೆ, ಪರ್ರ್, ತಲೆ ಎತ್ತದೆ ಕೇಳುತ್ತದೆ, ನೀವು ಹೇಳಿಬಿಟ್ರಾ? ಇಲ್ಲ ಕಂದ, ಆಣೆಗೂ ಇಲ್ಲ. ಮತ್ತೆ ಹೇಗೆ ಗೊತ್ತಾಯ್ತು? ಗೊತ್ತಾಗಿಲ್ಲ, ಲೇಸ್ ಕಷ್ಟ ಅಂದ್ಕೊಂಡು ತಂದಿದ್ದಾರೆ, ಉಪಾಯ ಹುಡುಕಿ ಅಂದಿದ್ದು ನಾನು, ಅದು ನನ್ನ ತಪ್ಪು, ಈಗ ನೀನು ಹೂಂ ಅಂದ್ರೆ ಹೇಳ್ತೀನಿ. ಬೇಡ. ಯಾಕೆ? ಹೇಳಿದ್ರೆ ನನಗೋಸ್ಕರ ನಿಂತ್ಕೋತಾರೆ. ನಿಂತ್ರೆ ಒಳ್ಳೇದೇ ಅಲ್ವಾ? ಹಾಗೆ ನಿಂತ್ರೆ ಮುಖ ಬೇರೆ ಥರ ಇರುತ್ತೆ ಆಂಟಿ. ಆಕೆ ಹೂಂ ಅಂದು ಬಾಗಿಲೆಳೆದುಕೊಂಡಳು, ಕಾರಿಡಾರಿನಲ್ಲಿ ನೀರಿನ ಯಂತ್ರ ಗೊಳಗೊಳ ಅಂದಿತು —

ನೀರು, ಕಾಲುವೆಯ ನೀರು, ಆಕೆ ಚಿಕ್ಕವಳಿದ್ದಾಗ ಊರಿನಲ್ಲಿ ಆಕೆಯ ಅಪ್ಪ ಮತ್ತು ಚಿಕ್ಕಪ್ಪ ನಾಲ್ಕು ವರ್ಷ ಮಾತಾಡಿರಲಿಲ್ಲ, ಆದರೂ ದಿನಾ ಸಂಜೆ ಹೊಲಕ್ಕೆ ನೀರಿನ ಸರದಿ ಬದಲಾಗುವಾಗ ಇಬ್ಬರೂ ಕಾಲುವೆಯ ಬಾಯಲ್ಲಿ ನಿಲ್ಲಲೇಬೇಕು, ಬಿಟ್ಟುಕೊಡುವವನೂ ತಗೊಳ್ಳುವವನೂ ಎದುರಿಗಿರಬೇಕು ಅನ್ನುವುದು ಊರಿನ ಕಟ್ಟಳೆ, ಇವನು ಮಣ್ಣು ಹಾಕಿ ಮುಚ್ಚಬೇಕು, ಅವನು ಮಣ್ಣು ಎಳೆದು ತೆರೆಯಬೇಕು, ಬದುವಿನ ಮೇಲೆ ಕೂತು ಆಕೆ ನೋಡುತ್ತಿದ್ದಳು, ಇಬ್ಬರೂ ಮಣ್ಣಿನ ಜೊತೆ ಮಾತಾಡುವರು, ಈ ಕಡೆ ಸೋರ್ತಾ ಇದೆ, ಇನ್ನೊಂದು ಸಲ ತುಳಿದ್ರೆ ನಿಲ್ಲುತ್ತೆ. ಯಾರಿಗೋಸ್ಕರವೂ ನಿಂತವರಲ್ಲ, ಕೆಲಸಕ್ಕೆ ನಿಂತವರು, ಮುಖ ಅವರದ್ದೇ ಇತ್ತು. ಒಳಗೆ ಬಂದು ಕೂತಳು, ಪೆನ್ನು ತೆಗೆದಳು, ನೋಡಿ, ಶೂ ಸಮಸ್ಯೆ ತೀರಿತು, ಆದರೆ ಗೇಟಿನ ಹತ್ರ ಬಿಟ್ಟು ಹೋಗೋದನ್ನ ನಾನು ಬರೆಯಲ್ಲ, ಮಗು ಜ್ವರದಲ್ಲಿದ್ದಿದ್ದು, ಔಷಧಿ ಕೊಟ್ಟಿದ್ದು, ಹೋಂವರ್ಕ್ ಮುಗಿದಿದ್ದು ಮುಗೀದಿದ್ದು, ಇದನ್ನೆಲ್ಲ ಕೊಡೋರು ತಗೊಳ್ಳೋರಿಗೆ ಬಾಗಿಲಲ್ಲಿ ನಿಂತು ಬಾಯಲ್ಲೇ ಹೇಳಬೇಕು, ಮೆಸೇಜಲ್ಲಲ್ಲ, ಮಗು ಕೈಲಿ ಹೇಳಿ ಕಳಿಸೋದಂತೂ ಬೇಡ, ಹತ್ತು ನಿಮಿಷ ಅಂತ ಬರೀಲಾ. ಇದು ಹೇಳಿದ ಹಾಗಾಯಿತೇ, ಬಲಗಡೆಯದ್ದನ್ನು ಎಡಗಡೆಗೆ ದಾಟಿಸಿದ ಹಾಗಾಯಿತೇ, ಇಲ್ಲ, ಆಗಿಲ್ಲ, ಸ್ವಲ್ಪ ಆಗಿದೆ. ತಂದೆ ಹುಬ್ಬೇರಿಸುತ್ತಾನೆ, ಹತ್ತಾ? ಮೇಡಂ, ಒಂದೇ ಮನೇಲಿದ್ದಾಗಲೇ ನಾವು ಹತ್ತು ನಿಮಿಷ ಮಾತಾಡಿದ್ದಿಲ್ಲ. ನಾನು ಮಾತಾಡ್ತಿದ್ದೆ, ನೀನು ಮೊಬೈಲ್ ನೋಡ್ತಿದ್ದೆ, ಅನ್ನುತ್ತಾಳೆ ತಾಯಿ, ಅಂದವಳು ತಡವರಿಸಿ, ನೀವು, ಅಂತ ತಿದ್ದಿಕೊಳ್ಳುತ್ತಾಳೆ, ಅವನು ನಗುತ್ತಾನೆ, ನಗು ಬೇಡವಾಗಿತ್ತೆಂಬಂತೆ ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತಾನೆ. ಎರಡು ನಿಮಿಷ ಸಾಕು, ಅನ್ನುತ್ತಾನೆ. ಹೋಂವರ್ಕ್ ಹೇಳೋಕೇ ಎರಡು ಬೇಕು ಕಣ್ರೀ, ನಾಲ್ಕು, ಅನ್ನುತ್ತಾಳೆ ತಾಯಿ. ಐದು ಹಾಕಿ ಮೇಡಂ, ಅನ್ನುತ್ತಾನೆ ತಂದೆ, ಅದರ ಮೇಲೆ ಒಂದು ಸೆಕೆಂಡೂ ಬೇಡ. ಸರಿ, ಐದಾದ್ರೆ ನನಗೂ ಒಪ್ಪಿಗೆ. ಎಂಟು ಅನ್ನಬೇಕು, ಈಗಲೇ ಅನ್ನಬೇಕು, ಎಂಟು ಯಾಕೆ ಅಂತ ತಾಯಿ ಕೇಳಿಯೇ ಕೇಳುತ್ತಾಳೆ, ಲೆಕ್ಕ ಎಲ್ಲಿಂದ ಬಂತು ಅಂತ ತಂದೆ ಕೇಳುತ್ತಾನೆ, ಆಕೆ ಐದು ಅಂತ ಬರೆಯುತ್ತಾಳೆ, ಅಂಕಿಯಲ್ಲೂ ಅಕ್ಷರದಲ್ಲೂ, ಕಾಗದ ತಿರುಗಿಸುತ್ತಾಳೆ, ಸಹಿ ಇಲ್ಲಿ, ನೀವು ಇಲ್ಲಿ, ಪೆನ್ನು ದುಂಡು ಮೇಜು ದಾಟಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ, ಒಳ್ಳೆಯ ಒಪ್ಪಂದ, ಯಾರು ನೋಡಿದರೂ ಒಳ್ಳೆಯದೆನ್ನುವ ಒಪ್ಪಂದ, ಎಂಟರಲ್ಲಿ ಉಳಿದ ಮೂರು ನಿಮಿಷ — ಸಣ್ಣ ಬೆರಳುಗಳು, ಎತ್ತಿ ಹಿಡಿದ ಎರಡು ಕುಣಿಕೆಗಳು, ಎಳೆದಿಲ್ಲ, ಎರಡು ಕುಣಿಕೆಗಳು, ಇನ್ನೂ ಎಳೆದಿಲ್ಲ