ಮೌಲಾಸಾಬನ ದನಿ

ಮಾಲೀಕನ ಹೆಂಡತಿ ಸುಚೇತಾ ಕಾರಿನ ಹಿಂದಿನ ಸೀಟಿನ ಮೇಲೆ ಹಳೆಯ ಚಾದರ ಹಾಸಿ, ಅದರ ಅಂಚನ್ನು ಸಂದಿಗೆ ತುರುಕುತ್ತಿದ್ದಳು. ಡ್ರೈವರ್ ರಮೀಜ ಕಂಡೂ ಕಾಣದವನಂತೆ ಮುಂದಿನ ಗಾಜು ಒರೆಸುತ್ತ ನಿಂತ. ಗೇಟಿನ ಆಚೆ ಅವನ ಅಪ್ಪ ಮೌಲಾಸಾಬ, ತಾಯಿ ಜೈಬುನ್ನಿಸಾ, ಮಗಳು ಸಿಮ್ರನ ಕಾಯುತ್ತಿದ್ದರು. ನೇಸರಗಿಯಿಂದ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಬಂದಿದ್ದರು. ಮೌಲಾಸಾಬ ಈದಿಗೆ ಹೊಲಿಸಿದ್ದ ಬಿಳಿ ಜುಬ್ಬಾ ಹಾಕಿಕೊಂಡು ಕೊರಳಿಗೆ ಮಫ್ಲರ್ ಸುತ್ತಿದ್ದ.

"ಹೊಸಾ ಸೀಟ್ ಅವ ನೋಡಪಾ ರಮೀಜ. ಬಸ್ಸಿನ ಧೂಳ ಹತ್ತತದ ಅಂತ ಹಾಕೀನಿ, ಮತ್ತೇನಿಲ್ಲ," ಎಂದಳು ಸುಚೇತಾ.

"ಹೌದ್ರಿ ವೈನ್ಯಾರ."

ಮೊಹರಮ್ಮಿನಲ್ಲಿ ಕರ್ಬಲಾದ ಕತೆ ಹಾಡುವ ರಿವಾಯತ ಪದ ಅಂದರೆ ಒಂದು ಕಾಲಕ್ಕೆ ಆ ಸೀಮೆಯಲ್ಲೆಲ್ಲ ಮೌಲಾಸಾಬನ ಹೆಸರೇ. ಅವನು ಮುಂದೆ ಹಾಡಿದರೆ ಗೆಳೆಯ ನೀಲಪ್ಪ ಹಿಂದೆ ಎತ್ತಿಕೊಳ್ಳುತ್ತಿದ್ದ. ಹೆಜ್ಜೆ ಹಾಕುವವರ ಕಾಲು ತಾವಾಗಿ ಏಳುತ್ತಿದ್ದವು. ರೇಡಿಯೋದವರು ಕರೆಸಿ ಧ್ವನಿಮುದ್ರಣ ಮಾಡಿಕೊಂಡಿದ್ದರು. ಆಮೇಲೆ ಗಂಟಲಲ್ಲಿ ಗಡ್ಡೆ ಬಂತು. ಸಿಮ್ರನ ಹುಟ್ಟಿದ ವರ್ಷವೇ ಶಸ್ತ್ರಕ್ರಿಯೆಯಾಗಿ ದನಿಯ ಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕೊರಳಿಗೆ ತೂತು ಮಾಡಿದರು. ಅಂದಿನಿಂದ ಅವನ ತುಟಿ ಮಾತ್ರ ಅಲುಗುತ್ತಿತ್ತು. ಅಜ್ಜ ಹಾಡುತ್ತಿದ್ದ ಎಂದರೆ ಹುಡುಗಿ ನಗುತ್ತಿದ್ದಳು. ಅಜ್ಜನ ಬಾಯಿಂದ ಅವಳು ಇದುವರೆಗೆ ತನ್ನ ಹೆಸರನ್ನೂ ಕೇಳಿರಲಿಲ್ಲ.

ಮನೆಯಲ್ಲಿ ಅವನ ದನಿ ಎಲ್ಲೂ ಉಳಿದಿರಲಿಲ್ಲ. ಧ್ವನಿಮುದ್ರಣದ ಪ್ರತಿ ಕೇಳಲು ರಮೀಜ ರೇಡಿಯೋ ನಿಲಯಕ್ಕೆ ಹೋಗಿದ್ದ. ಹೊರಗಿನವರಿಗೆ ಕೊಡಲು ಬರುವುದಿಲ್ಲವೆಂದು ಕಳಿಸಿದರು. ಈ ವರ್ಷ ಮೊಹರಮ್ಮಿನ ಮುಂದೆ ನೀಲಪ್ಪನಿಗೆ ಅಲ್ಲಿಂದಲೇ ಫೋನ್ ಬಂತು: ಹಳೇ ರಿವಾಯತ ಮತ್ತೆ ಹಾಕುತ್ತೇವೆ, ಕೇಳಿರಿ. ಆದರೆ ಎಲ್ಲಿ ಕೇಳುವುದು? ಯುಗಾದಿಯ ಹೊತ್ತಿಗೆ ಹಳೆಯ ಪ್ರಸಾರ ನಿಂತು ಎಲ್ಲವೂ ಡಿಜಿಟಲ್ ಆಗಿತ್ತು. ಜೈಬುನ್ನಿಸಾಳ ರೇಡಿಯೋ ಈಗ ಗೋಡೆಯ ಮಾಡದಲ್ಲಿ ಸುಮ್ಮನೆ ಕೂತಿತ್ತು. ಹೊಸ ಸೆಟ್ಟು ಕೇಳಿದರೆ ಪ್ಯಾಟಿಯ ಅಂಗಡಿಯವನು, "ಅಂಥಾವು ಇನ್ನೂ ನಮ್ಮ ಕಡೆ ಬಂದಿಲ್ಲಪಾ," ಅಂದ. ಫೋನಿನಲ್ಲಿ ದಿಲ್ಲಿ, ಮುಂಬಯಿ ಎಲ್ಲ ಬರುತ್ತಿದ್ದವು, ಈ ನಿಲಯವೊಂದು ಬರುತ್ತಿರಲಿಲ್ಲ.

ಬರುತ್ತಿದ್ದದ್ದು ಹೊಸ ಕಾರುಗಳಲ್ಲಿ. ಬೀಜ ಗೊಬ್ಬರದ ಏಜೆನ್ಸಿಯ ಸಂಜೀವನ ಕಾರನ್ನು ರಮೀಜನೇ ಓಡಿಸುತ್ತಿದ್ದ. ಅದರೊಳಗೆ ಇಂಥದೊಂದು ರೇಡಿಯೋ ಇದೆಯೆಂಬುದು ಮಾಲೀಕನಿಗೇ ಗೊತ್ತಿರಲಿಲ್ಲ. ರಮೀಜ ಅಂಜುತ್ತ ಕೇಳಿದಾಗ ಸಂಜೀವ ಅವನ ಭುಜ ತಟ್ಟಿದ್ದ. "ಇದಕ್ಯಾಕ ಇಷ್ಟ ಕೈ ಮುಗೀತಿ? ಕರಕೊಂಡ ಬಾ ಎಲ್ಲಾರ್ನೂ. ಎಸಿ ಹಚ್ಚಿ ಕುಂದರಸು."

ಈಗ ಎಲ್ಲರೂ ಕೂತರು. ಅಜ್ಜ ಅಜ್ಜಿಯ ನಡುವೆ ಸಿಮ್ರನ, ಅವಳ ಕೈಯಲ್ಲಿ ಅಪ್ಪನ ಫೋನು. ಹಾಡು ಸುರುವಾದ ಕೂಡಲೇ ಯಾವ ಗುಂಡಿ ಒತ್ತಿದರೆ ರೆಕಾರ್ಡ್ ಆಗುತ್ತದೆಂದು ರಮೀಜ ಅವಳಿಗೆ ತೋರಿಸಿಕೊಟ್ಟಿದ್ದ. ರೇಡಿಯೋದಲ್ಲಿ ಹೆಸರುಕಾಳು ಬಿತ್ತನೆಯ ಮಾತು ಮುಗಿಯುತ್ತ ಬಂದಿತ್ತು. ಮೌಲಾಸಾಬ ಕಣ್ಣು ಮುಚ್ಚಿಕೊಂಡ. ಜೈಬುನ್ನಿಸಾ ಕೈ ಚಾಚಿ ಅವನ ಮಫ್ಲರ್ ಸರಿಮಾಡಿದಳು.

ಅಷ್ಟರಲ್ಲಿ ಮನೆಯ ಬಾಗಿಲು ತೆರೆದು ಸಂಜೀವ ಗಡಿಬಿಡಿಯಿಂದ ಇಳಿದು ಬಂದ. ಹಿಂದೆ ಮದುವೆ ಗೊತ್ತಾಗಿದ್ದ ಮಗಳು ಶರ್ವರಿ, ಅವಳ ಹಿಂದೆ ಡ್ರೆಸ್ಸಿನ ದೊಡ್ಡ ಪೆಟ್ಟಿಗೆಗಳು.

"ರಮೀಜ, ಹೊಂಡೋಣು. ನವಿಲುತೀರ್ಥಕ್ಕ ಮಧ್ಯಾಹ್ನ ಹೋಗೂದಿತ್ತಲ್ಲ? ಫೋಟೋದಂವ ಈಗ ಫೋನ್ ಮಾಡ್ಯಾನ, ಮೋಡ ಕಟ್ಟೂದ್ರಾಗ ಬರ್ರಿ ಅಂತ. ಅಳಿಯಾ ಅವರೂ ಹೊಂಟಾರಂತ."

"ಸಾಹೇಬ್ರ, ಇದೊಂದ ಮುಗೀಲ್ರಿ. ಈಗ ಸುರು ಆಗತೈತ್ರಿ."

"ಗೊತ್ತದಪಾ. ಆದ್ರ ಬೆಳಕು ನಮಗಾಗಿ ಕಾಯತದೇನು? ಮದುವಿ ಫೋಟೋ ಒಮ್ಮೆ ಆಗೂದು. ಇದು ಮತ್ತ ಹಾಕ್ತಾರ. ಡಿಜಿಟಲ್ ಅಲ್ಲೇನು? ಎಲ್ಲಾ ಸೇವ್ ಇರತದ."

ಜೈಬುನ್ನಿಸಾ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದಳು. "ಸಾಹೇಬ್ರ, ನಾವ್ ಇಳೀತೇವ್ರಿ. ಈ ಕೂಸಿನ್ನೊಂದ ಮೂಲ್ಯಾಗ ಕುಂದರಿಸಿಕೊಳ್ರಿ. ಅಕಿ ಮಾತಾಡೂದಿಲ್ಲ. ಅಕಿ ಕೇಳಿದ್ರ ಸಾಕ್ರಿ."

"ಪೆಟಗಿ ನೋಡಿರಲ್ಲವ್ವಾ, ಜಾಗಾ ಎಲ್ಲದ? ಅದೂ ಅಲ್ದ ಅಷ್ಟ ದೂರ ಕೂಸಿನ್ನ ಎಲ್ಲಿ ಕರಕೊಂಡ ಹೋಗೂದು?"

ಮೌಲಾಸಾಬ ಯಾರೂ ಹೇಳುವ ಮೊದಲೇ ಇಳಿದಿದ್ದ. ಹೆಂಡತಿ ಮೊಮ್ಮಗಳನ್ನು ಇಳಿಸಿ, ಸೀಟಿನ ಮೇಲಿನ ಚಾದರ ಎಳೆದು ನೀಟಾಗಿ ಮಡಚಿ, ಎರಡೂ ಕೈಯಿಂದ ಸುಚೇತಾಳಿಗೆ ಕೊಟ್ಟ. ಅವಳು ತೆಗೆದುಕೊಂಡು, "ಚಹಾ ಕುಡದ ಹೋಗ್ರಿ," ಅಂದಳು. ಅವನು ಬೇಡವೆಂದು ಕೈ ಆಡಿಸಿದ.

ಕಾರು ತಿರುಗಿ ರಸ್ತೆಗೆ ಬಂತು. ಕನ್ನಡಿಯಲ್ಲಿ ಮೂವರೂ ಗೇಟಿನ ಮುಂದೆ ಕಾಣುತ್ತಿದ್ದರು. ಸಿಮ್ರನ ಎರಡು ಹೆಜ್ಜೆ ಓಡಿಬಂದು ಫೋನು ಮೇಲೆತ್ತಿ ಹಿಡಿದಳು. ಅದು ತನ್ನ ಹತ್ತಿರವೇ ಉಳಿಯಿತೆಂದು ತೋರಿಸುತ್ತಿದ್ದಳೋ, ಅಲ್ಲಿಂದಲೇ ಹಾಡು ಹಿಡಿಯಲು ನೋಡುತ್ತಿದ್ದಳೋ, ರಮೀಜನಿಗೆ ತಿಳಿಯಲಿಲ್ಲ. ನಿಲ್ಲಿಸಬೇಕೆಂದು ಕಾಲು ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. "ನಡಿ, ನಡಿ," ಅಂದ ಸಂಜೀವ.

ಸವದತ್ತಿ ರಸ್ತೆಗೆ ಬರುವಾಗ ದನಿ ಬಂತು.

*ನೀರಿಗೆ ಹೋದಾನ ಸಣ್ಣ ತಮ್ಮಾ, ಹೊಳಿ ದಂಡೀಗಿ ಉಳದಾನ...*

ಸಿಮ್ರನ ಹುಟ್ಟುವ ಮೊದಲು ಮನೆಯ ರೇಡಿಯೋದಲ್ಲಿ ಇದೇ ಪದ ಬಂದಾಗ ಗರಗರದ ನಡುವೆ ಅರ್ಧ ಕೇಳಿ ಅರ್ಧ ಊಹಿಸಿಕೊಳ್ಳುತ್ತಿದ್ದರು. ಈಗ ಎಲ್ಲವೂ ನಿಚ್ಚಳವಾಗಿತ್ತು. ತಾಳದ ಪೆಟ್ಟು, ನೀಲಪ್ಪನ ಕೆಮ್ಮು, ಪಲ್ಲವಿ ಎತ್ತುವ ಮೊದಲು ಅಪ್ಪ ಒಳಗೆ ಎಳೆದುಕೊಳ್ಳುತ್ತಿದ್ದ ಉಸಿರು ಕೂಡ ಕೇಳಿಸುತ್ತಿತ್ತು. ಆ ಉಸಿರು ಈಗ ಕೊರಳ ತೂತಿನಿಂದ ಹೋಗಿ ಬರುತ್ತಿತ್ತು.

"ಯಾರದಿದು? ಭಾಳ ಸ್ಯಾಡ್ ಅದ," ಎಂದಳು ಶರ್ವರಿ, ಕನ್ನಡಿ ಹಿಡಿದು ತುಟಿಗೆ ಬಣ್ಣ ಹಚ್ಚುತ್ತ.

"ನಮ್ಮ ರಮೀಜನ ಅಪ್ಪಂದು! ಎಂಥಾ ಕಂಠ ಅದ ಕೇಳು," ಎಂದ ಸಂಜೀವ ತನ್ನದೇ ಏನನ್ನೋ ತೋರಿಸಿದಂತೆ. ಮರುಗಳಿಗೆಯೇ ಅವನಿಗೆ ಫೋನು ಬಂತು. ಫೋಟೋಕ್ಕೆ ನಿಲ್ಲಿಸುವ ಆರ್ಚಿಗೆ ಹೂವು ಬೇಕೋ ಬಟ್ಟೆ ಸಾಕೋ ಎಂಬ ಮಾತು ಹತ್ತಿತು. "ಏ, ಸ್ವಲ್ಪ ಸಣ್ಣ ಮಾಡಪಾ."

ರಮೀಜ ಸಣ್ಣ ಮಾಡಿದ. ಬಂದ್ ಮಾಡಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿದ.

ಸಂಜೆ ಅವನು ನೇಸರಗಿ ಮುಟ್ಟಿದಾಗ ಸಿಮ್ರನ ಹೊಸ್ತಿಲಲ್ಲಿ ಕೂತಿದ್ದಳು. "ಅಬ್ಬಾ, ದಾದಾ ಹಾಡಿದ್ರ? ಹ್ಯಾಂಗ ಹಾಡಿದ್ರು?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮೌಲಾಸಾಬ ಗೋಡೆಗೆ ಒರಗಿ ಮಗನ ಮುಖ ನೋಡುತ್ತಿದ್ದ.

"ಇಲ್ಲವಾ," ಎಂದ ರಮೀಜ. "ಊರ ದಾಟೂದ್ರಾಗ ರೇಡಿಯೋ ಹೋತು. ಹೊಸಾದು ಹಂಗ. ಹಿಡದ್ರ ಪೂರಾ ಹಿಡೀತೈತಿ, ಇಲ್ಲಂದ್ರ ಪೂರಾ ಗಪ್ಪ."

"ಹಂಗಾರ ಯಾರಿಗೂ ಸಿಗಲಿಲ್ಲ," ಎಂದಳು ಜೈಬುನ್ನಿಸಾ. ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಮಾತಿನಲ್ಲಿ ಸಣ್ಣದೊಂದು ಸಮಾಧಾನವೂ ಇತ್ತು.

ರಮೀಜ ಹಿತ್ತಲ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡ. ನವಿಲುತೀರ್ಥದ ಧೂಳು ಕೊರಳಿಂದ ಕೆಸರಾಗಿ ಇಳಿಯಿತು. ಎರಡನೆಯ ತಂಬಿಗೆ ಎತ್ತುವಾಗ ತನ್ನ ಬಾಯಿಂದಲೇ ಆ ಪದ ಸಣ್ಣಗೆ ಹೊರಡುತ್ತಿರುವುದು ಗೊತ್ತಾಯಿತು. ಅಪ್ಪ ಉಸಿರು ಎಳೆದಲ್ಲಿಯೇ ಉಸಿರು ಎಳೆದು, ಅಪ್ಪ ತಡೆದಲ್ಲಿಯೇ ತಡೆದು ಗುನುಗುತ್ತಿದ್ದ. ಥಟ್ಟನೆ ಬಾಯಿ ಮುಚ್ಚಿ, ಉಳಿದ ನೀರನ್ನೆಲ್ಲ ದಬದಬನೆ ಸುರಿದುಕೊಂಡ.

ಕಣ್ಣು ಒರೆಸಿಕೊಂಡು ನೋಡಿದರೆ, ಟವೆಲ್ ಹಿಡಿದು ಮೌಲಾಸಾಬ ಬಾಗಿಲಲ್ಲಿ ನಿಂತಿದ್ದ.